ಫ್ಯಾನಿನ ಸದ್ದಿಗೆ ಕಂಪ್ಯೂಟರ್ ಕೋಣೆಗೆ ಬೀಗವೇ?

ಕಳೆದ ವರ್ಷ ಶಾಲೆ ಶುರುವಾದ ಹೊಸತರಲ್ಲಿ ಒಬ್ಬ ತಂದೆ ನನ್ನ ಮನೆಗೆ ಬಂದರು. ತಳಿ ಕಡೆಯ ರೈತರು, ಟೊಮೇಟೊ, ಬೀನ್ಸ್ ಬೆಳೆಯುತ್ತಾರೆ. ಒಂದು ಕಾಲಕ್ಕೆ ನನ್ನ ಬಳಿಯೇ ಓದಿದವರು. ಮಗಳು ಈಗ ಅದೇ ಕನ್ನಡ ಮಾಧ್ಯಮ ಶಾಲೆಯಲ್ಲಿ ಏಳನೇ ತರಗತಿ. ಕೂತವರೇ ವಿಷಯ ತೆಗೆದರು.

"ಸಾರ್, ಮಗೀನ ಇಂಗ್ಲಿಷ್ ಇಸ್ಕೂಲಿಗೆ ಹಾಕನ ಅಂತಿದೀನಿ. ಕನ್ನಡ ಬ್ಯಾಡ ಅಂತಲ್ಲ ಸಾರ್. ನಮ್ಮಿಸ್ಕೂಲಲ್ಲಿ ಕಂಪ್ಯೂಟರ್ ರೂಮಿಗೆ ಬೀಗ ಹಾಕವ್ರೆ. ಕೇಳಿದ್ರೆ, ಎಲ್ಲಾ ಕೆಟ್ಟೋಗೈತೆ, ಆನ್ ಮಾಡಿದ್ರೆ ಹಿಟ್ಟಿನ ಮಿಷನ್ ಓಡ್ದಂಗೆ ಸದ್ದು ಬರ್ತೈತೆ ಅಂತಾರೆ."

ನಾನು ತಲೆ ತಗ್ಗಿಸಿದೆ. ಏಕೆಂದರೆ ಆ ಬೀಗವನ್ನು ಮೊದಲು ಹಾಕಿದವನು ನಾನೇ.

ನಾನು ಮುಖ್ಯೋಪಾಧ್ಯಾಯನಾಗಿದ್ದ ಕೊನೆಯ ವರ್ಷ ಆ ಕೋಣೆಯಲ್ಲಿ ಹತ್ತು ಕಂಪ್ಯೂಟರ್‌ಗಳಿದ್ದವು. ಹತ್ತನ್ನೂ ಒಟ್ಟಿಗೆ ಆನ್ ಮಾಡಿದರೆ ಪಾಠ ಹೇಳುವ ಟೀಚರ್ ದನಿ ಎರಡನೇ ಸಾಲಿಗೆ ಮುಟ್ಟುತ್ತಿರಲಿಲ್ಲ. ಒಂದು ಯಂತ್ರ ಹತ್ತು ನಿಮಿಷ ಓಡಿ ತಾನಾಗಿಯೇ ಆರಿ ಹೋಗುತ್ತಿತ್ತು. ನಾನು ಮೇಲಿನವರಿಗೆ ಎರಡು ಕಾಗದ ಬರೆದೆ. ಉತ್ತರ ಬರಲಿಲ್ಲ. ಏನಾದರೂ ಅನಾಹುತವಾದರೆ ನನ್ನ ತಲೆಗೆ ಬರುತ್ತದೆಂದು ಬೀಗ ಹಾಕಿ, ಕೀಲಿಯನ್ನು ಬೀರುವಿನಲ್ಲಿಟ್ಟು ನಿವೃತ್ತನಾದೆ. ಒಂದು ಸಲವೂ ಆ ಡಬ್ಬ ತೆಗೆದು ಒಳಗೇನಿದೆ ಎಂದು ನೋಡಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ "ಗೊತ್ತಿಲ್ಲದಿದ್ದರೆ ಕೇಳಿ ತಿಳಿದುಕೋ" ಎಂದವನು ನಾನು. ಆದರೆ ನನ್ನ ಸರದಿ ಬಂದಾಗ ಕೇಳಲಿಲ್ಲ.

ಕಳೆದ ವರ್ಷ ಈಗಿನ ಮುಖ್ಯೋಪಾಧ್ಯಾಯಿನಿಯ ಅನುಮತಿ ಪಡೆದು ಪೋಷಕರೆಲ್ಲ ಸೇರಿ ಆ ಕೋಣೆ ತೆರೆದೆವು. ಹತ್ತರಲ್ಲಿ ಒಂದೂ ಕೆಟ್ಟಿರಲಿಲ್ಲ. ಕೆಟ್ಟಿದ್ದು ಫ್ಯಾನುಗಳು ಮಾತ್ರ; ಅವುಗಳಲ್ಲೂ ಹೆಚ್ಚಿನವು ಕೆಟ್ಟಿರಲಿಲ್ಲ, ಧೂಳು ತಿಂದಿದ್ದವು. ಅದಕ್ಕೇ ಈ ಲೇಖನ. ಹೊಸೂರಿನಲ್ಲಿರಲಿ, ತಾಳವಾಡಿಯಲ್ಲಿರಲಿ, ಕಾಸರಗೋಡು, ಜತ್ತ, ಅಕ್ಕಲಕೋಟೆ, ಮಡಕಶಿರಾದಲ್ಲಿರಲಿ, ನಿಮ್ಮ ಮಕ್ಕಳ ಶಾಲೆಯ ಕಂಪ್ಯೂಟರ್ ಕೋಣೆ ಸದ್ದಿನ ಕಾರಣಕ್ಕೆ ಮುಚ್ಚಿದ್ದರೆ, ಅದು ಹೊಸ ಕಂಪ್ಯೂಟರ್ ಬರುವವರೆಗೆ ಕಾಯಬೇಕಾದ ವಿಷಯವಲ್ಲ. ನೂರಿನ್ನೂರು ರೂಪಾಯಿಯ ಫ್ಯಾನಿಗಾಗಿ ನಮ್ಮ ಮಕ್ಕಳು ಒಂದು ವರ್ಷ ಕಳೆದುಕೊಳ್ಳಬಾರದು.

ಸದ್ದು ಸಣ್ಣ ವಿಷಯವಲ್ಲ

"ಸದ್ದು ಬಂದರೆ ಬರಲಿ, ಓಡುತ್ತಿದೆಯಲ್ಲ" ಎನ್ನುವವರೂ ಇದ್ದಾರೆ. ಅದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೊರತಂದ ಮಾರ್ಗಸೂಚಿ ಪಾಠ ನಡೆಯುವಾಗ ತರಗತಿಯ ಹಿನ್ನೆಲೆ ಸದ್ದು 35 ಡೆಸಿಬಲ್ ಮೀರಬಾರದು ಎನ್ನುತ್ತದೆ. ಅದು ಬಹಳ ಮೆಲ್ಲನೆಯ ಸದ್ದು, ಪಿಸುಮಾತಿಗಿಂತ ಹೆಚ್ಚೇನಲ್ಲ. ಧೂಳು ಹಿಡಿದ ಫ್ಯಾನುಗಳ ಒಂದು ಸಾಲು ಇದನ್ನು ಸುಲಭವಾಗಿ ಮೀರುತ್ತದೆ.

ಗಡಿನಾಡಿನ ಕನ್ನಡ ಮಕ್ಕಳಿಗೆ ಇದು ಇನ್ನೂ ಮುಖ್ಯ. ನಾನು ಕನ್ನಡ, ತಮಿಳು ಎರಡರಲ್ಲೂ ಓದಿದವನು, ಎರಡೂ ನನ್ನವೇ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ಪ, ಬ ಎರಡಕ್ಕೂ ಒಂದೇ ಅಕ್ಷರ. ಪದದಲ್ಲಿ ಅದು ಇರುವ ಜಾಗ ನೋಡಿ ಉಚ್ಚಾರ ಬದಲಾಗುತ್ತದೆ. ಮಹಾಪ್ರಾಣಗಳಿಗೆ ಪ್ರತ್ಯೇಕ ಅಕ್ಷರವಿಲ್ಲ. ಅದು ಆ ಭಾಷೆಯ ಚೆಂದದ ವ್ಯವಸ್ಥೆ. ಕನ್ನಡದ ವ್ಯವಸ್ಥೆ ಬೇರೆ. ಇಲ್ಲಿ ಕ, ಖ, ಗ, ಘ ನಾಲ್ಕೂ ಬೇರೆ. ದನ ಬೇರೆ, ಧನ ಬೇರೆ. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ನಮ್ಮ ಕಡೆಯ ಮಕ್ಕಳು ತಮಿಳನ್ನು ಕಡ್ಡಾಯವಾಗಿ ಕಲಿಯುತ್ತಾರೆ. ಕಲಿಯಲಿ, ಅದರಿಂದ ಲಾಭವೇ ಇದೆ. ಆದರೆ ಸಂತೆಯಲ್ಲಿ, ಬಸ್ಸಿನಲ್ಲಿ, ಆಟದ ಬಯಲಿನಲ್ಲಿ ತಮಿಳು, ತೆಲುಗು ಕೇಳುವ ಮಗುವಿಗೆ ಬರವಣಿಗೆಯ ಕನ್ನಡ ಸ್ಪಷ್ಟವಾಗಿ ಕಿವಿಗೆ ಬೀಳುವ ಜಾಗ ಒಂದೇ, ಅದು ತರಗತಿ.

ಫ್ಯಾನಿನ "ಸುಯ್" ಎನ್ನುವ ಸದ್ದು ಸ್ವರಗಳನ್ನು ಅಷ್ಟಾಗಿ ನುಂಗುವುದಿಲ್ಲ. ನುಂಗುವುದು ಉಸಿರಿನ ಬಲದಿಂದ ಹೊರಡುವ ಸಣ್ಣ ದನಿಗಳನ್ನು: ಸ, ಶ, ಹ, ಮತ್ತು ಮಹಾಪ್ರಾಣದ ಆ ತುಸು ಉಸಿರು. ಕೋಣೆ ತೆರೆದ ಮೊದಲ ದಿನ, ಇನ್ನೂ ಧೂಳು ತೆಗೆದಿರಲಿಲ್ಲ, ಟೀಚರ್ ನುಡಿ ತಂತ್ರಾಂಶದಲ್ಲಿ ಪದಗಳನ್ನು ಹೇಳಿ ಟೈಪ್ ಮಾಡಿಸಿದರು. "ಧನ" ಎಂದರು. ಹಿಂದಿನ ಸಾಲಿನ ಹುಡುಗ "ದನ" ಎಂದು ಒತ್ತಿದ. "ಶಾಲೆ" ಎಂದರೆ ಒಬ್ಬಳು "ಸಾಲೆ" ಎಂದು ಒತ್ತಿದಳು. ನಮ್ಮ ಕಡೆ ಮಾತಿನಲ್ಲಿ ಈ ಭೇದ ಮೊದಲೇ ಕಡಿಮೆ, ಒಪ್ಪುತ್ತೇನೆ. ಎಲ್ಲ ತಪ್ಪನ್ನೂ ಫ್ಯಾನಿನ ಮೇಲೆ ಹೊರಿಸಲಾರೆ. ಆದರೆ ಮಗುವಿಗೆ ಕೇಳಿಸದೆ ಇದ್ದದ್ದನ್ನು ಮಗು ಕಲಿಯಲಿಲ್ಲ ಎಂದು ಬೈಯುವುದು ನ್ಯಾಯವಲ್ಲ.

ಯಾವುದು ಕಿರುಚುತ್ತಿದೆ ಎಂದು ಮೊದಲು ನೋಡಿ

ಕಡಿಮೆ ದುಡ್ಡಿನಲ್ಲಿ ಕೆಲಸ ಆಗಬೇಕಾದರೆ ಒಂದು ಲೆಕ್ಕ ತಿಳಿದಿರಬೇಕು. ಒಂದೇ ಸಮನೆ ಸದ್ದು ಮಾಡುವ ಹತ್ತು ಯಂತ್ರಗಳು ಸೇರಿದರೆ, ಒಂದರ ಸದ್ದಿಗಿಂತ 10 ಡೆಸಿಬಲ್ ಹೆಚ್ಚಾಗುತ್ತದೆ. ಅಂದರೆ ಉಳಿದವುಗಳಿಗಿಂತ 10 ಡೆಸಿಬಲ್ ಹೆಚ್ಚು ಕಿರುಚುವ ಒಂದೇ ಯಂತ್ರ ಹತ್ತು ಯಂತ್ರಗಳಿಗೆ ಸಮ. ಆದ್ದರಿಂದ ಎಲ್ಲದಕ್ಕೂ ಹೊಸ ಫ್ಯಾನು ಕೊಳ್ಳಬೇಡಿ. ಒಂದೊಂದನ್ನೇ ಆನ್ ಮಾಡಿ, ಕೇಳಿ, ಅತಿ ಹೆಚ್ಚು ಗದ್ದಲ ಮಾಡುವವನ್ನು ಸೀಮೆಸುಣ್ಣದಿಂದ ಗುರುತು ಮಾಡಿ. ತರಗತಿಯಲ್ಲಿ ಗಲಾಟೆಯಾದರೆ ಮೇಷ್ಟ್ರು ಮೂವತ್ತು ಮಕ್ಕಳನ್ನೂ ಹೊರಗೆ ನಿಲ್ಲಿಸುವುದಿಲ್ಲ, ಗಲಾಟೆ ಶುರು ಮಾಡಿದ ಇಬ್ಬರನ್ನು ಮುಂದಿನ ಬೆಂಚಿಗೆ ಕರೆಯುತ್ತಾರೆ. ಇದೂ ಹಾಗೆಯೇ.

ಜನ ಸಿಪಿಯು ಎಂದು ಕರೆಯುವ ಆ ಡಬ್ಬದಲ್ಲಿ ಸಾಮಾನ್ಯವಾಗಿ ಮೂರು ಫ್ಯಾನುಗಳಿರುತ್ತವೆ. ಒಂದು ಪ್ರೊಸೆಸರ್ ಮೇಲೆ, ಬಾಚಣಿಗೆಯಂಥ ಹಲ್ಲುಗಳಿರುವ ಅಲ್ಯೂಮಿನಿಯಂ ತುಂಡಿಗೆ ಅಂಟಿಕೊಂಡಿರುತ್ತದೆ. ಆ ತುಂಡಿಗೆ ಹೀಟ್‌ಸಿಂಕ್ ಎನ್ನುತ್ತಾರೆ. ಇನ್ನೊಂದು ಕರೆಂಟಿನ ವೈರ್ ಸಿಕ್ಕಿಸುವ ಎಸ್‌ಎಂಪಿಎಸ್ ಪೆಟ್ಟಿಗೆಯೊಳಗೆ. ಮೂರನೆಯದು ಡಬ್ಬದ ಹಿಂಬದಿಯಲ್ಲಿ, ಬಿಸಿಗಾಳಿ ಹೊರಗೆ ದಬ್ಬಲು. ಸದ್ದು ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ದಪ್ಪ ಕಾಗದವನ್ನು ಕೊಳವೆಯಂತೆ ಸುತ್ತಿ ಒಂದು ತುದಿ ಕಿವಿಗಿಟ್ಟು, ಇನ್ನೊಂದು ತುದಿಯನ್ನು ಫ್ಯಾನಿಗೆ ತಾಗದಂತೆ ಸ್ವಲ್ಪ ದೂರದಲ್ಲಿ ಹಿಡಿದು ಕೇಳಿ. ಓಡುವ ಫ್ಯಾನಿಗೆ ಬೆರಳಿಡಬೇಡಿ.

ಸದ್ದಿನ ಬಗೆಯೇ ರೋಗ ಹೇಳುತ್ತದೆ. ಗಾಳಿ ಬೀಸಿದಂತೆ ಜೋರಾದ "ಸುಯ್" ಬಂದರೆ ಧೂಳು ಕಟ್ಟಿ ಬಿಸಿ ಹೆಚ್ಚಾಗಿ ಫ್ಯಾನು ಪೂರ್ಣ ವೇಗದಲ್ಲಿ ಓಡುತ್ತಿದೆ ಎಂದರ್ಥ. "ಕರಕರ" ಎಂದರೆ ಬೇರಿಂಗಿನ ಎಣ್ಣೆ ಒಣಗಿದೆ. ಸಮಲಯದಲ್ಲಿ "ಟಕಟಕ" ಎಂದರೆ ಯಾವುದೋ ವೈರು ರೆಕ್ಕೆಗೆ ತಾಗುತ್ತಿದೆ. ಡಬ್ಬದ ಮೇಲೆ ಕೈಯಿಟ್ಟರೆ ನಿಲ್ಲುವ "ಗುಂಯ್" ಎಂದರೆ ಸ್ಕ್ರೂ ಸಡಿಲ. ಆದರೆ ಬಿಟ್ಟು ಬಿಟ್ಟು "ಕಟ್... ಕಟ್" ಎಂದು ಹಾರ್ಡ್ ಡಿಸ್ಕಿನಿಂದ ಬಂದರೆ ಅದು ಫ್ಯಾನಲ್ಲ, ಮಕ್ಕಳ ಕೆಲಸ, ಶಾಲೆಯ ಕಡತ ಏನಿದ್ದರೂ ಅವತ್ತೇ ಪೆನ್‌ಡ್ರೈವಿಗೆ ತೆಗೆದಿಟ್ಟುಕೊಳ್ಳಿ.

ಮೊದಲ ಔಷಧ ಬ್ರಷ್

ನಮ್ಮ ಹತ್ತರಲ್ಲಿ ನಾಲ್ಕು ಯಂತ್ರಗಳು ಬರೀ ಧೂಳು ತೆಗೆದದ್ದಕ್ಕೆ ಸುಮ್ಮನಾದವು. ಐದನೆಯದರಲ್ಲಿ ವೈರು ರೆಕ್ಕೆಗೆ ತಾಗುತ್ತಿತ್ತು, ದಾರದಲ್ಲಿ ಕಟ್ಟಿದೆವು, ಮುಗಿಯಿತು. ಅಂದರೆ ಅರ್ಧ ಕೆಲಸಕ್ಕೆ ಬೇಕಾದದ್ದು ಎರಡು ಪೇಂಟ್ ಬ್ರಷ್, 60 ರೂಪಾಯಿ.

ಮಾಡುವ ರೀತಿ ಇದು. ಪ್ಲಗ್ ಗೋಡೆಯಿಂದ ಕೀಳಿ. ಆಮೇಲೆ ಆನ್ ಬಟನ್ ಒಂದೆರಡು ಸಲ ಒತ್ತಿ, ಒಳಗೆ ಉಳಿದ ಕರೆಂಟು ಹೋಗುತ್ತದೆ. ಡಬ್ಬವನ್ನು ಜಗಲಿಗೆ ಒಯ್ದು ಪಕ್ಕದ ತಗಡು ಬಿಚ್ಚಿ. ಒಳಗಿನ ಬೋರ್ಡು ಮುಟ್ಟುವ ಮೊದಲು ಡಬ್ಬದ ಬರಿ ಲೋಹದ ಭಾಗವನ್ನು ಒಮ್ಮೆ ಮುಟ್ಟಿಕೊಳ್ಳಿ. ಒದ್ದೆ ಬಟ್ಟೆ ಬೇಡ. ಮೆತ್ತನೆಯ ಒಣ ಬ್ರಷ್‌ನಿಂದ ಫ್ಯಾನಿನ ರೆಕ್ಕೆ, ಹೀಟ್‌ಸಿಂಕಿನ ಹಲ್ಲುಗಳ ನಡುವಿನ ಧೂಳು ತೆಗೆಯಿರಿ. ನಾವು ತೆಗೆದಾಗ ಅಲ್ಲಿ ಹತ್ತಿಯ ಹಾಸಿನಂತೆ ಗಟ್ಟಿಯಾಗಿ ಕೂತಿತ್ತು: ರಸ್ತೆಯ ಮಣ್ಣು, ಕಣದ ಹೊಟ್ಟು, ಸೀಮೆಸುಣ್ಣದ ಪುಡಿ. ಗಾಳಿ ಊದುವ ಪಂಪು ಇದ್ದರೆ ಬಳಸಬಹುದು. ಆದರೆ ರೆಕ್ಕೆಯನ್ನು ಒಂದು ಬೆರಳಿನಿಂದ ಹಿಡಿದುಕೊಂಡೇ ಊದಬೇಕು. ಬಿಟ್ಟರೆ ಅದು ಮಿತಿಮೀರಿ ಸುತ್ತಿ ಬೇರಿಂಗ್ ಕೆಡುತ್ತದೆ.

ಧೂಳು ತೆಗೆದರೆ ಸದ್ದು ಏಕೆ ಕಡಿಮೆಯಾಗುತ್ತದೆ? ಕಂಪ್ಯೂಟರು ತನ್ನ ಬಿಸಿಯನ್ನು ತಾನೇ ಅಳೆಯುತ್ತದೆ. ಬಿಸಿ ಹೆಚ್ಚಾದರೆ ಫ್ಯಾನಿನ ವೇಗ ಹೆಚ್ಚಿಸುತ್ತದೆ. ಗಾಳಿಯ ದಾರಿ ತೆರೆದರೆ ಕಡಿಮೆ ವೇಗವೇ ಸಾಕಾಗುತ್ತದೆ. ವೇಗ ಅರ್ಧಕ್ಕಿಳಿದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ. ಇದೇ ಕಾರಣಕ್ಕೆ, ಆನ್ ಆಗುವಾಗ ಬರುವ ಬಯೋಸ್ ಪರದೆಯಲ್ಲಿ ಫ್ಯಾನ್ ವೇಗ ನಿಯಂತ್ರಣದ ಆಯ್ಕೆ ಇದ್ದರೆ ಅದನ್ನು ಚಾಲೂ ಮಾಡಿ. ಅದಕ್ಕೆ ಕಾಸು ಖರ್ಚಿಲ್ಲ.

ಡಬ್ಬವನ್ನು ಮತ್ತೆ ನೆಲದ ಮೇಲೆ ಇಡಬೇಡಿ. ಎರಡು ಇಟ್ಟಿಗೆ ಇಟ್ಟು, ಹಲಗೆ ಹಾಕಿ, ಗೋಡೆಯಿಂದ ಒಂದು ಗೇಣು ಈಚೆಗೆ ಇಡಿ. ಧೂಳು ಬೀಳದಿರಲೆಂದು ಹೊದಿಸುವ ಬಟ್ಟೆಯನ್ನು ಓಡಿಸುವಾಗ ಪೂರ್ತಿ ತೆಗೆಯಿರಿ. ಅರ್ಧ ಸರಿಸಿ ಹಿಂಬದಿ ಹಾಗೇ ಬಿಟ್ಟರೆ ಬಿಸಿಗಾಳಿ ಒಳಗೇ ಸುತ್ತುತ್ತದೆ.

ಎರಡನೆಯದು ಎಣ್ಣೆ, ಮೂರನೆಯದು ಹೊಸ ಫ್ಯಾನು

"ಕರಕರ" ಎನ್ನುವ ಎರಡು ಯಂತ್ರಗಳಿಗೆ ಎಣ್ಣೆ ಹಾಕಿದೆವು. ಫ್ಯಾನು ಕಳಚಿ, ಹಿಂದಿನ ಸ್ಟಿಕ್ಕರ್ ನಿಧಾನ ಎತ್ತಿದರೆ ನಡುವೆ ಸಣ್ಣ ರಬ್ಬರು ಬಿರಡೆಯೋ ಕುಳಿಯೋ ಕಾಣುತ್ತದೆ. ಅಲ್ಲಿ ಒಂದೆರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಕೈಯಿಂದ ಸುತ್ತಿಸಿ, ಹೆಚ್ಚಾದದ್ದು ಒರೆಸಿ ಸ್ಟಿಕ್ಕರ್ ಮುಚ್ಚಬೇಕು. ಬಟ್ಟೆ ಹೊಲಿಯುವ ಒಬ್ಬ ತಾಯಿ ತಮ್ಮ ಮನೆಯ ಎಣ್ಣೆ ಡಬ್ಬಿ ತಂದುಕೊಟ್ಟರು. ಇನ್ನೊಬ್ಬರು ಕೊಬ್ಬರಿ ಎಣ್ಣೆ ತಂದಿದ್ದರು, ನಯವಾಗಿ ಬೇಡವೆಂದೆವು. ಮಾರ್ಗಶಿರದ ಚಳಿಗೆ ನಮ್ಮ ಕಡೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುವುದು ಎಲ್ಲರಿಗೂ ಗೊತ್ತು. ಬೇರಿಂಗಿನಲ್ಲೂ ಅದೇ ಗತಿ. ತುಕ್ಕು ಬಿಡಿಸುವ ಸ್ಪ್ರೇ ಕೂಡ ಬೇಡ, ಅದು ಬೇಗ ಆರಿಹೋಗುತ್ತದೆ.

ಎಣ್ಣೆ ಶಾಶ್ವತ ಔಷಧವಲ್ಲ ಎಂದೂ ಹೇಳಬೇಕು. ಎರಡರಲ್ಲಿ ಒಂದು ಇನ್ನೂ ಓಡುತ್ತಿದೆ. ಇನ್ನೊಂದು ಮೂರೇ ತಿಂಗಳಿಗೆ ಮತ್ತೆ ಕರಕರ ಎಂದಿತು. ಅದಕ್ಕೆ ಹೊಸದು ಕೊಳ್ಳಬೇಕಾಯಿತು.

ಕೊಳ್ಳಲು ಹೋಗುವಾಗ ಹಳೆಯ ಫ್ಯಾನನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ, ಅಂಗಡಿಯವರ ಮುಂದೆ ಇಡಿ. ನೋಡಬೇಕಾದದ್ದು ನಾಲ್ಕು.

ಮೊದಲನೆಯದು ಅಳತೆ. ಚೌಕಟ್ಟಿನ ಒಂದು ಬದಿಯನ್ನು ಮಕ್ಕಳ ಸ್ಕೇಲಿನಿಂದ ಅಳೆಯಿರಿ. ಸಾಮಾನ್ಯವಾಗಿ 80, 92 ಅಥವಾ 120 ಮಿಲಿಮೀಟರ್ ಇರುತ್ತದೆ. ಡಬ್ಬದಲ್ಲಿ 120ರ ಜಾಗ ಇದ್ದರೆ ಅದನ್ನೇ ಹಾಕಿ. ದೊಡ್ಡ ಫ್ಯಾನು ನಿಧಾನವಾಗಿ ಸುತ್ತಿದರೂ ಅಷ್ಟೇ ಗಾಳಿ ದಬ್ಬುತ್ತದೆ, ಸದ್ದು ಕಡಿಮೆ.

ಎರಡನೆಯದು ಕರೆಂಟು. ಸ್ಟಿಕ್ಕರಿನ ಮೇಲೆ 12 ವೋಲ್ಟ್ ಡಿಸಿ ಎಂದಿರಬೇಕು. ಪಕ್ಕದಲ್ಲಿ 0.15 ಆಂಪಿಯರ್, 0.20 ಆಂಪಿಯರ್ ಎಂದು ಬರೆದಿರುತ್ತದೆ. ಹೊಸದು ಹಳೆಯದಕ್ಕಿಂತ ತೀರಾ ಹೆಚ್ಚಿರಬಾರದು.

ಮೂರನೆಯದು ಪಿನ್ನು. ಮೂರು ಪಿನ್ನಿನ ಫ್ಯಾನಿನಲ್ಲಿ ಎರಡು ವೈರು ಕರೆಂಟಿಗೆ, ಮೂರನೆಯದು ವೇಗ ತಿಳಿಸಲು. ನಾಲ್ಕು ಪಿನ್ನಿನದರಲ್ಲಿ ಇನ್ನೊಂದು ವೈರು ವೇಗ ಹೆಚ್ಚು ಕಡಿಮೆ ಮಾಡಲು. ಮೂರರದ್ದು ನಾಲ್ಕರ ಜಾಗದಲ್ಲಿ ಕೂರುತ್ತದೆ, ಆದರೆ ಹಲವು ಬೋರ್ಡುಗಳಲ್ಲಿ ಸದಾ ಪೂರ್ಣ ವೇಗದಲ್ಲೇ ಓಡುತ್ತದೆ. ಹತ್ತಿಪ್ಪತ್ತು ರೂಪಾಯಿ ಉಳಿಸಲು ಹೋಗಿ ಮತ್ತೆ ಗದ್ದಲ ತಂದುಕೊಳ್ಳಬೇಡಿ.

ನಾಲ್ಕನೆಯದು ಬೇರಿಂಗ್. ಅತಿ ಅಗ್ಗದ್ದು ಸ್ಲೀವ್ ಬೇರಿಂಗ್. ಹೊಸತರಲ್ಲಿ ಮೆಲ್ಲಗಿರುತ್ತದೆ, ಬಿಸಿಗೆ ಎಣ್ಣೆ ಒಣಗಿ ಬೇಗ ಕೂಗತೊಡಗುತ್ತದೆ. ಬಾಲ್ ಬೇರಿಂಗ್ ಹೆಚ್ಚು ಕಾಲ ಬಾಳುತ್ತದೆ, ಸದ್ದು ತುಸು ಹೆಚ್ಚು. ಹೈಡ್ರಾಲಿಕ್ ಅಥವಾ ಫ್ಲೂಯಿಡ್ ಬೇರಿಂಗ್ ಎಂದು ಬರೆದದ್ದು ಮೆಲ್ಲಗೂ ಇರುತ್ತದೆ, ಬಾಳಿಕೆಯೂ ಹೆಚ್ಚು, ಬೆಲೆಯೂ ಹೆಚ್ಚು. ತರಗತಿಗೆ, ಕೈಯಲ್ಲಿ ಇನ್ನೂ ನೂರು ರೂಪಾಯಿ ಇದ್ದರೆ, ಅದನ್ನು ಇಲ್ಲಿಗೇ ಖರ್ಚು ಮಾಡಿ ಎನ್ನುತ್ತೇನೆ.

ಹಾಕುವಾಗ ಗಾಳಿಯ ದಿಕ್ಕು ತಪ್ಪಬಾರದು. ಹಲವು ಫ್ಯಾನುಗಳ ಚೌಕಟ್ಟಿನ ಬದಿಯಲ್ಲಿ ಬಾಣದ ಗುರುತಿರುತ್ತದೆ. ಇಲ್ಲದಿದ್ದರೆ ಸ್ಟಿಕ್ಕರ್ ಮತ್ತು ಅಡ್ಡಪಟ್ಟಿಗಳಿರುವ ಕಡೆಗೆ ಗಾಳಿ ಹೊರಡುತ್ತದೆ. ಹಿಂಬದಿಯ ಫ್ಯಾನು ಗಾಳಿಯನ್ನು ಹೊರಗೆ ದಬ್ಬಬೇಕು. ನಾವು ಒಂದನ್ನು ತಿರುಗುಮುರುಗಾಗಿ ಹಾಕಿ, ತೆಳುವಾದ ಕಾಗದದ ಚೂರು ಹಿಡಿದು ನೋಡಿದಾಗ ತಪ್ಪು ತಿಳಿಯಿತು. ಸ್ಕ್ರೂ ಮತ್ತು ತಗಡಿನ ನಡುವೆ ಹಳೆಯ ಸೈಕಲ್ ಟ್ಯೂಬಿನ ಚೂರುಗಳನ್ನು ವಾಷರಿನಂತೆ ಕತ್ತರಿಸಿ ಹಾಕಿದರೆ ತಗಡು ನಡುಗುವುದು ನಿಲ್ಲುತ್ತದೆ.

ಪ್ರೊಸೆಸರಿನ ಫ್ಯಾನನ್ನು ಮಾತ್ರ ಬದಲಿಸಿ ಹೀಟ್‌ಸಿಂಕ್ ಎತ್ತದಿದ್ದರೆ ಬೇರೇನೂ ಬೇಕಿಲ್ಲ. ಹೀಟ್‌ಸಿಂಕ್ ಎತ್ತಿದರೆ ಅದರಡಿಯ ಹಳೆಯ ಥರ್ಮಲ್ ಪೇಸ್ಟನ್ನು ಒಣಬಟ್ಟೆಯಲ್ಲಿ ಪೂರ್ತಿ ಒರೆಸಿ, ಹೊಸದನ್ನು ಒಂದು ತೊಗರಿಬೇಳೆಯಷ್ಟು ಇಡಬೇಕು. ಹೆಚ್ಚು ಹಾಕಿದರೆ ಹೆಚ್ಚು ತಂಪು ಎಂಬುದಿಲ್ಲ.

ಮಾಡಬಾರದ ಎರಡು

ಒಂದು: ಸದ್ದು ನಿಲ್ಲಲೆಂದು ಫ್ಯಾನಿನ ವೈರು ಕೀಳಬೇಡಿ. ಹತ್ತು ನಿಮಿಷಕ್ಕೆ ಆರಿಹೋಗುತ್ತಿದ್ದ ಆ ಯಂತ್ರದ ಕಥೆ ಅದೇ. ಯಾರೋ ಒಳ್ಳೆಯ ಮನಸ್ಸಿನಿಂದಲೇ ಗದ್ದಲ ತಪ್ಪಿಸಲು ಪ್ರೊಸೆಸರ್ ಫ್ಯಾನು ಕಿತ್ತಿದ್ದರು. ಬಿಸಿ ತಡೆಯಲಾರದೆ ಅದು ತನ್ನನ್ನು ತಾನೇ ಆರಿಸಿಕೊಳ್ಳುತ್ತಿತ್ತು. ನಾವು ಅದನ್ನು ಕೆಟ್ಟ ಯಂತ್ರವೆಂದು ಮೂಲೆಗೆ ಇಟ್ಟಿದ್ದೆವು.

ಎರಡು: ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ನೀವು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಅಪಾಯದ ಮಟ್ಟದ ಕರೆಂಟು ಉಳಿದಿರಬಹುದು. ಅದರ ಫ್ಯಾನು ಕೂಗಿದರೆ ಪೆಟ್ಟಿಗೆಯನ್ನೇ ಕಳಚಿ ತಿಳಿದ ರಿಪೇರಿಯವರಿಗೆ ಕೊಡಿ, ಇಲ್ಲವೇ ಬೇರೆ ಹಾಕಿಸಿ. ಡಬ್ಬ ಮುಟ್ಟಿದರೆ ಜುಂ ಎಂದರೆ ಫ್ಯಾನಿನ ಮಾತು ಆಮೇಲೆ, ಮೊದಲು ಎಲೆಕ್ಟ್ರಿಷಿಯನ್ನರನ್ನು ಕರೆದು ಅರ್ಥಿಂಗ್ ನೋಡಿಸಿ. ಮಕ್ಕಳು ನೋಡಲಿ, ಬ್ರಷ್ ಹಿಡಿಯಲಿ. ಪ್ಲಗ್ ಹಾಕಿರುವಾಗ ಹತ್ತಿರ ಬಿಡಬೇಡಿ.

ಲೆಕ್ಕ

ಹತ್ತು ಯಂತ್ರಗಳ ಲೆಕ್ಕ ಹೀಗಾಯಿತು: ನಾಲ್ಕಕ್ಕೆ ಬ್ರಷ್, ಒಂದಕ್ಕೆ ದಾರ, ಎರಡಕ್ಕೆ ಎಣ್ಣೆ, ಎರಡಕ್ಕೆ ಹೊಸ ಫ್ಯಾನು, ಒಂದರ ಎಸ್‌ಎಂಪಿಎಸ್ ರಿಪೇರಿಗೆ. ಬ್ರಷ್ 60 ರೂಪಾಯಿ, ಥರ್ಮಲ್ ಪೇಸ್ಟ್ 100, ಪ್ರೊಸೆಸರಿಗೆ ಹೀಟ್‌ಸಿಂಕ್ ಸಮೇತ ಫ್ಯಾನು 350, ಹಿಂಬದಿಯ ಫ್ಯಾನು 150, ಎಸ್‌ಎಂಪಿಎಸ್ ರಿಪೇರಿ 300. ಹಳೆಯ ಮಾದರಿಯ ಹೀಟ್‌ಸಿಂಕ್ ಇಲ್ಲಿ ಸಿಗದೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಬಂದ ಬಸ್ ಖರ್ಚು 140. ಮೂರು ತಿಂಗಳ ಮೇಲೆ ಇನ್ನೊಂದು ಫ್ಯಾನಿಗೆ 350. ಒಟ್ಟು 1,450 ರೂಪಾಯಿ. ಇದಕ್ಕೂ ಮೊದಲು ಒಂದು ಅಂಗಡಿಯವರು ಹತ್ತಕ್ಕೂ ಎಲ್ಲ ಬದಲಿಸಬೇಕೆಂದು 16,000 ರೂಪಾಯಿಯ ಅಂದಾಜುಪಟ್ಟಿ ಕೊಟ್ಟಿದ್ದರು. ಆ ಪಟ್ಟಿ ಕಂಡೇ ಎಲ್ಲರೂ ಕೈಚೆಲ್ಲಿ ಕೂತಿದ್ದರು.

ಕೆಲಸ ಮಾಡಿದವರು ಯಾರು? ಆಟೋ ವೈರಿಂಗ್ ಮಾಡುವ ಒಬ್ಬ ತಂದೆ, ಹೊಲಿಗೆಯ ಆ ತಾಯಿ, ಒಬ್ಬ ಹಳೆಯ ವಿದ್ಯಾರ್ಥಿ, ಜೊತೆಗೆ ಸ್ಕ್ರೂಗಳನ್ನು ತಟ್ಟೆಯಲ್ಲಿ ಬೇರೆ ಬೇರೆ ಇಟ್ಟುಕೊಂಡು ಕೂತ ನಾನು. ಎರಡು ಶನಿವಾರ ಸಾಕಾಯಿತು.

"ಇದು ಸರ್ಕಾರದ ಕೆಲಸ ಅಲ್ಲವಾ?"

ಸಭೆಯಲ್ಲಿ ಈ ಪ್ರಶ್ನೆ ಬಂತು, ಬರಲೇಬೇಕು. ಹೌದು, ಸರ್ಕಾರದ ಕೆಲಸವೇ. ಬಡ ಪೋಷಕರ ಜೇಬಿನಿಂದ ಶಾಲೆ ನಡೆಸುವುದನ್ನು ನಾನು ಒಪ್ಪುವುದಿಲ್ಲ. ಅಲ್ಪಸಂಖ್ಯಾತ ಭಾಷೆಯ ಶಾಲೆ ಎಂದರೆ ಅಂಗಲಾಚುವ ಶಾಲೆ ಎಂಬ ಭಾವನೆ ಬೆಳೆಯಬಾರದು. ಅದಕ್ಕೇ ನಾವು ಎರಡನ್ನೂ ಮಾಡಿದೆವು. ಮುಖ್ಯೋಪಾಧ್ಯಾಯಿನಿ ಮೊದಲು ಲಿಖಿತವಾಗಿ ಮೇಲಿನವರಿಗೆ ತಿಳಿಸಿದರು. ಯಾವ ಯಂತ್ರಕ್ಕೆ ಏನು ಬೇಕು ಎಂದು ಪಟ್ಟಿ ಮಾಡಿದರು. "ಕಂಪ್ಯೂಟರ್ ಕೆಟ್ಟಿದೆ" ಎನ್ನುವ ನನ್ನ ಹಳೆಯ ಕಾಗದಕ್ಕೂ, "ಮೂರನೇ ಯಂತ್ರಕ್ಕೆ 80 ಮಿಲಿಮೀಟರಿನ ಫ್ಯಾನು ಬೇಕು" ಎನ್ನುವ ಅವರ ಕಾಗದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದನ್ನು ಓದಿದವರು ಏನು ಮಾಡಬೇಕು ಪಾಪ? ಎರಡನೆಯದನ್ನು ಓದಿದವರು ಇಲ್ಲ ಎನ್ನಲು ಕಾರಣ ಹೇಳಬೇಕಾಗುತ್ತದೆ.

ಕಾಗದ ಕಳುಹಿಸಿ ಕೈಕಟ್ಟಿ ಕೂರುವುದು ಮಾತ್ರ ಬೇಡ. ಕಡತ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಏಳನೇ ತರಗತಿ ಎಂಟಾಗುತ್ತದೆ, ಎಂಟು ಒಂಬತ್ತಾಗುತ್ತದೆ. ಮಗುವಿನ ವರ್ಷ ಕಡತದಂತೆ ಕಾಯುವುದಿಲ್ಲ.

ಇಲ್ಲಿ ಕೆಲವು ಕ್ರಮಗಳಿವೆ, ಮುಖ್ಯೋಪಾಧ್ಯಾಯರನ್ನು ಇಕ್ಕಟ್ಟಿಗೆ ಸಿಲುಕಿಸಬೇಡಿ. ಕಂಪ್ಯೂಟರುಗಳು ದಾಸ್ತಾನು ಪುಸ್ತಕದಲ್ಲಿರುವ ಸರ್ಕಾರಿ ವಸ್ತು. ವಾರಂಟಿ ಇದೆಯೇ ಎಂದು ಮೊದಲು ನೋಡಿ. ಇದ್ದರೆ ಮುದ್ರೆ ಒಡೆಯದೆ ಕೊಟ್ಟವರನ್ನೇ ಕರೆಸಿ. ಇಲ್ಲದಿದ್ದರೆ ಸಭೆಯಲ್ಲಿ ತೀರ್ಮಾನ ಬರೆಸಿ, ಅನುಮತಿ ಪಡೆದು ಬಿಚ್ಚಿ. ತೆಗೆದ ಹಳೆಯ ಭಾಗಗಳನ್ನು ಎಸೆಯದೆ ಚೀಟಿ ಅಂಟಿಸಿ ಇಡಿ, ರಸೀದಿಗಳನ್ನು ಕಡತಕ್ಕೆ ಸೇರಿಸಿ. ಪೋಷಕರಿಗೆ ಇಲ್ಲಿ ಹಕ್ಕಿನ ಜಾಗವೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ವಿಧಿಯಂತೆ ಸರ್ಕಾರಿ ಶಾಲೆಯ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ತಂದೆ ತಾಯಿ ಅಥವಾ ಪೋಷಕರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರಿರಬೇಕು. ಸಹಿ ಹಾಕಿ ಕಾಫಿ ಕುಡಿದು ಬರಲು ಅಲ್ಲ ಆ ಸಮಿತಿ.

ಆ ರೈತ ಮಗಳನ್ನು ಬಿಡಿಸಿಕೊಂಡರೇ ಎಂದು ನೀವು ಕೇಳಬಹುದು. ಇಲ್ಲ, ಆದರೆ ಫ್ಯಾನು ಸರಿಹೋದದ್ದರಿಂದಲೇ ಎಂದು ನಾನು ಹೇಳಲಾರೆ. ಮಗಳಿಗೇ ಬಿಡಲು ಮನಸ್ಸಿರಲಿಲ್ಲವಂತೆ. ಹುಡುಗಿಯ ತಂದೆ ಎರಡನೇ ಶನಿವಾರ ಬಂದು ಇಟ್ಟಿಗೆ ಹೊತ್ತು ಕೊಟ್ಟರು. ಕೆಲಸ ಮುಗಿದ ಮೇಲೆ ಹತ್ತೂ ಯಂತ್ರ ಒಟ್ಟಿಗೆ ಆನ್ ಮಾಡಿದೆವು. ಸದ್ದು ಪೂರ್ತಿ ಹೋಗಿರಲಿಲ್ಲ, ಆದರೆ ಹೊರಗೆ ಕಾಗೆ ಕೂಗುವುದು ಒಳಗೆ ಕೇಳಿಸಿತು. ಸೋಮವಾರ ಟೀಚರ್ ಮತ್ತೆ ಪದಗಳನ್ನು ಹೇಳಿದರು. ಹಿಂದಿನ ಸಾಲಿನ ಆ ಹುಡುಗ ಈ ಸಲ ಕೈಯೆತ್ತಿ ಕೇಳಿದ, "ಟೀಚರ್, ಹಾಲು ಕೊಡೋ ದನಾನಾ, ದುಡ್ಡಿನ ಧನಾನಾ?" ಕೋಣೆಯೆಲ್ಲ ನಕ್ಕಿತು. ನನಗೆ ಅದು ಸಾಕಾಯಿತು. ವ್ಯತ್ಯಾಸವಿದೆ ಎಂದು ಅವನ ಕಿವಿಗೆ ಬಿದ್ದಿತ್ತು.

ಪೋಷಕರೇ, ಮುಂದಿನ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ಕಂಪ್ಯೂಟರ್ ಕೋಣೆಯನ್ನು ಕೊನೆಯ ಸಲ ತೆರೆದದ್ದು ಯಾವಾಗ? ಎಷ್ಟು ಯಂತ್ರ ಓಡುತ್ತವೆ? ಒಳಗಿನ ಧೂಳು ತೆಗೆದು ಎಷ್ಟು ದಿನವಾಯಿತು? ಉತ್ತರ ಸರಿಯಿಲ್ಲದಿದ್ದರೆ ಜಗಳ ಆಡಬೇಡಿ. ನಾನು ಅಲ್ಲಿ ಕೂತಿದ್ದವನು, ಆ ಕುರ್ಚಿಯ ಹೆದರಿಕೆ ನನಗೆ ಗೊತ್ತು. ಮಗುವಿನ ಕೈಹಿಡಿದು ಶನಿವಾರ ಹೋಗಿ. ಹೋಗುವಾಗ ಒಂದು ಒಣ ಬ್ರಷ್ ಜೊತೆಗಿರಲಿ.